ದಿನನಿತ್ಯದ ಮಾತಿನಲ್ಲಿ ಅಡಗಿರುವ ಅವಹೇಳನ: ಬಣ್ಣ, ಮುಖಚಹರೆ ಮತ್ತು ಲೈಂಗಿಕತೆಯ ಪೂರ್ವಗ್ರಹಗಳನ್ನು ಗುರುತಿಸುವ ಬಗೆ

ಬೈಗುಳವನ್ನು ಗುರುತಿಸಲು ಯಾರಿಗೂ ಮಾರ್ಗದರ್ಶಿ ಬೇಕಿಲ್ಲ. ಅದು ಬೈಗುಳವೆಂಬುದು ಆಡಿದವರಿಗೂ ಗೊತ್ತಿರುತ್ತದೆ, ಕೇಳಿಸಿಕೊಂಡವರಿಗೂ ಗೊತ್ತಿರುತ್ತದೆ, ಪಕ್ಕದಲ್ಲಿ ನಿಂತವರಿಗೂ ಗೊತ್ತಿರುತ್ತದೆ. ಗುರುತಿಸಲು ಕಷ್ಟವಾಗುವುದು ನಗುನಗುತ್ತಲೇ, ಅಕ್ಕರೆಯಿಂದಲೇ, ಎಷ್ಟೋ ಸಲ ಮೆಚ್ಚುಗೆಯ ರೂಪದಲ್ಲೇ ಹೊರಬೀಳುವ ಮಾತನ್ನು. ಆಡಿದವರು ಮರುಕ್ಷಣವೇ ಮರೆತುಬಿಡುವ, ಕೇಳಿಸಿಕೊಂಡವರು ಮಾತ್ರ ಮನೆಯವರೆಗೂ ಹೊತ್ತುಕೊಂಡು ಹೋಗುವ ಮಾತನ್ನು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮನೋವೈದ್ಯ ಚೆಸ್ಟರ್ ಪಿಯರ್ಸ್ ಅವರು 1970ರಲ್ಲಿ, ತಮ್ಮಂತಹ ಕಪ್ಪು ಅಮೆರಿಕನ್ನರು ಪ್ರತಿದಿನ ಎದುರಿಸುತ್ತಿದ್ದ ಇಂತಹ ಸಣ್ಣ ಸಣ್ಣ ಅವಮಾನಗಳಿಗೆ ಮೈಕ್ರೋಅಗ್ರೆಶನ್ ಎಂದು ಹೆಸರಿಟ್ಟರು. ಮುಂದೆ ಈ ವಿಚಾರವನ್ನು ಇತರ ಜನಾಂಗಗಳಿಗೆ, ಮಹಿಳೆಯರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ ಅನ್ವಯಿಸಿ ವಿಸ್ತರಿಸಲಾಯಿತು. ಈ ಬರಹದಲ್ಲಿ ಅದನ್ನು ಸೂಕ್ಷ್ಮ ಅವಹೇಳನ ಎಂದು ಕರೆಯುತ್ತೇನೆ.

ಜನಾಂಗೀಯತೆ ಅಮೆರಿಕದ ಸಮಸ್ಯೆ, ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂಬ ನಂಬಿಕೆಯೊಂದು ನಮ್ಮಲ್ಲಿ ಬೇರೂರಿದೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡುಗಳಲ್ಲಿ ನೆಲೆನಿಂತ ಪೂರ್ವಜರ ಸಂತತಿಯಾದ ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಶತಮಾನಗಳಿಂದ ಬಾಳುತ್ತಿದ್ದಾರೆ. ಬೆಂಗಳೂರಿನ ಹೋಟೆಲು, ಸಲೂನು, ಆಸ್ಪತ್ರೆ, ಸಾಫ್ಟ್‌ವೇರ್ ಕಚೇರಿಗಳಲ್ಲಿ ಈಶಾನ್ಯ ರಾಜ್ಯಗಳಿಂದ ಬಂದವರು ದುಡಿಯುತ್ತಿದ್ದಾರೆ. ನಮ್ಮ ಕಾಲೇಜುಗಳಲ್ಲಿ ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳಿದ್ದಾರೆ. ಇವರಲ್ಲಿ ಯಾರನ್ನು ಕೇಳಿದರೂ, ಜನಾಂಗೀಯತೆ ಯಾವ ದೇಶದ ಸಮಸ್ಯೆ ಎಂಬುದಕ್ಕೆ ಬೇರೆಯದೇ ಉತ್ತರ ಸಿಗುತ್ತದೆ. ಆದ್ದರಿಂದ ಕೆಳಗಿನ ಉದಾಹರಣೆಗಳನ್ನು ಬಹುತೇಕ ಕರ್ನಾಟಕದಿಂದಲೇ ಆರಿಸಿಕೊಂಡಿದ್ದೇನೆ.

ಮೊದಲ ಹೆಜ್ಜೆ: ಮಾತು ನಿಂತಿರುವ ಊಹೆಯನ್ನು ಹೊರಗೆಳೆಯಿರಿ

ಯಾರಾದರೂ ಒಂದು ಮಾತಿನಿಂದ ನೊಂದರೆ, "ಅವರ ಉದ್ದೇಶ ಹಾಗಿರಲಿಲ್ಲ ಬಿಡಿ" ಎಂದು ಸಮಾಧಾನ ಹೇಳುವುದು ನಮ್ಮ ರೂಢಿ. ಉದ್ದೇಶ ಯಾರ ಕಣ್ಣಿಗೂ ಕಾಣದ ವಸ್ತುವಾದ್ದರಿಂದ ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ. ಉದ್ದೇಶವನ್ನು ಸದ್ಯಕ್ಕೆ ಬದಿಗಿಟ್ಟು, ಈ ಮಾತಿಗೆ ಅರ್ಥ ಬರಬೇಕಾದರೆ ಮೊದಲೇ ಏನನ್ನು ನಂಬಿರಬೇಕು ಎಂದು ಕೇಳಿಕೊಳ್ಳಿ. ಗುರುತಿಸುವ ಕೆಲಸದ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನಿಸಿಕೆ.

ಹೆಣ್ಣು ನೋಡಿ ಬಂದವರು "ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎನ್ನುತ್ತಾರೆ. ಹೇಳಿದವರ ಮನಸ್ಸಿನಲ್ಲಿ ಮೆಚ್ಚುಗೆಯೇ ಇದೆ, ಅನುಮಾನವಿಲ್ಲ. ಆದರೆ ಕಪ್ಪು ಮತ್ತು ಲಕ್ಷಣ ಒಟ್ಟಿಗೆ ಇರಲಾರವು ಎಂದು ಮೊದಲೇ ನಂಬದಿದ್ದರೆ ಈ ವಾಕ್ಯ ಹುಟ್ಟುವುದೇ ಇಲ್ಲ. ಪರೀಕ್ಷಿಸಬೇಕೆಂದರೆ ಬಣ್ಣವನ್ನು ಬದಲಿಸಿ ನೋಡಿ: "ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ" ಎಂದು ಯಾರೂ ಹೇಳುವುದಿಲ್ಲ. "ಸಿದ್ದಿ ಹುಡುಗನಾದರೂ ಚೆನ್ನಾಗಿ ಓದಿಕೊಂಡಿದ್ದಾನೆ", "ಗೇ ಆದರೂ ಒಳ್ಳೆಯ ಮನುಷ್ಯ", "ಮಂಗಳಮುಖಿಯಾದರೂ ಎಷ್ಟು ಮರ್ಯಾದೆಯಿಂದ ಮಾತಾಡುತ್ತಾಳೆ" ಎಂಬ ಮಾತುಗಳಿಗೂ ಇದೇ ಮೈಕಟ್ಟು ಇದೆ. ಒಬ್ಬ ವ್ಯಕ್ತಿಯನ್ನು ಮೇಲೆತ್ತುವ ನೆಪದಲ್ಲಿ ಇವು ಒಂದು ಇಡೀ ಸಮುದಾಯವನ್ನು ಕೆಳಗಿಡುತ್ತವೆ.

ಬಣ್ಣದ ವಿಷಯದಲ್ಲಿ ಈ ಊಹೆ ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನು ಬಾಣಂತಿಯ ಕೋಣೆಯಲ್ಲೇ ನೋಡಬಹುದು. ಹುಟ್ಟಿ ಎರಡು ದಿನ ಕಳೆಯದ ಕೂಸಿನ ಕಿವಿಯ ಅಂಚನ್ನು ಮಡಚಿ ನೋಡಿ, ಮುಂದೆ ಯಾವ ಬಣ್ಣಕ್ಕೆ ತಿರುಗೀತು ಎಂದು ಭವಿಷ್ಯ ಹೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಬಸುರಿಗೆ ಕೇಸರಿ ಹಾಲು ಕುಡಿಸುವುದಕ್ಕೂ ಅದೇ ಆಸೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಕ್ರೀಮ್ ತನ್ನ ಹೆಸರನ್ನು ಬದಲಿಸಿಕೊಂಡಿತು, ವಧೂವರರ ಜಾಲತಾಣವೊಂದು ಮೈಬಣ್ಣದ ಆಧಾರದ ಮೇಲೆ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ಬದಲಾವಣೆ ಸ್ವಾಗತಾರ್ಹವೇ. ಆದರೆ ಕೂಸಿನ ಕಿವಿ ಮಡಚುವ ಕೈ ಇನ್ನೂ ಹಾಗೇ ಇದೆ.

ಎರಡನೆಯ ಹೆಜ್ಜೆ: ಯಾವ ಬಗೆಯದೆಂದು ವಿಂಗಡಿಸಿ

ಕೊಲಂಬಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೆರಾಲ್ಡ್ ವಿಂಗ್ ಸ್ಯೂ ಮತ್ತು ಸಂಗಡಿಗರು 2007ರಲ್ಲಿ ಸೂಕ್ಷ್ಮ ಅವಹೇಳನಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ತಿಳಿದೂ ತಿಳಿದೂ ಮಾಡುವ ಹಲ್ಲೆ: ಈಶಾನ್ಯದ ಯುವತಿಯನ್ನು ಕಂಡು "ಚಿಂಕಿ" ಎಂದು ಕೂಗುವುದು, ಹುಡುಗನೊಬ್ಬನ ನಡಿಗೆ ನೋಡಿ "ಒಂಬತ್ತು" ಎನ್ನುವುದು. ಎರಡನೆಯದು ಸಾಮಾನ್ಯವಾಗಿ ಅರಿವಿಲ್ಲದೆ ಮಾಡುವ ಅವಮಾನ: ಆಫ್ರಿಕಾದ ವಿದ್ಯಾರ್ಥಿ ಅಂಗಡಿಗೆ ಬಂದಾಗ ಕ್ಯಾಶ್ ಪೆಟ್ಟಿಗೆಯ ಕಡೆಗೆ ಸರಿದು ನಿಲ್ಲುವುದು. ಮೂರನೆಯದು ಅನುಭವವನ್ನೇ ಅಲ್ಲಗಳೆಯುವುದು: ನೊಂದವರು ಹೇಳಿಕೊಂಡಾಗ "ನೀನು ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ, ತಮಾಷೆಗೆ ಅಂದಿದ್ದು" ಎನ್ನುವುದು.

ಈ ಮೂರರಲ್ಲಿ ಹೆಚ್ಚು ಹಾನಿ ಮಾಡುವುದು ಮೂರನೆಯದೇ ಎಂದು ನನಗನ್ನಿಸುತ್ತದೆ. ಮೊದಲೆರಡು ಒಂದು ಗಾಯ ಮಾಡಿದರೆ, ಮೂರನೆಯದು ಆ ಗಾಯವೇ ಸುಳ್ಳೆಂದು ಹೇಳಿ ನೊಂದವರನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಮೇಲಾಗಿ ಇದನ್ನು ಮಾಡುವವರು ಹೆಚ್ಚಾಗಿ ಆಪ್ತರೇ ಆಗಿರುತ್ತಾರೆ.

ಮೂರನೆಯ ಹೆಜ್ಜೆ: "ಯಾವೂರು?" ಎಂಬ ಪ್ರಶ್ನೆ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ

ಯಲ್ಲಾಪುರದ ಹತ್ತಿರದ ಹಳ್ಳಿಯೊಂದರ ಸಿದ್ದಿ ಹುಡುಗಿ ಓದಲೆಂದು ಧಾರವಾಡಕ್ಕೆ ಬಂದು ಹಾಸ್ಟೆಲ್ ಸೇರಿದ್ದಾಳೆಂದು ಇಟ್ಟುಕೊಳ್ಳೋಣ. ಮೊದಲ ದಿನದ ಮಾತುಕತೆ ಹೀಗೆ ಸಾಗುತ್ತದೆ.

"ಯಾವೂರು ನಿಮ್ದು?"
"ಯಲ್ಲಾಪುರದ ಹತ್ರ."
"ಅದಲ್ಲ, ಮೂಲ ಎಲ್ಲಿಯವ್ರು?"
"ಅಲ್ಲಿಯವ್ರೇ."
"ಹಂಗಲ್ಲ, ಅದಕ್ಕಿಂತ ಮೊದ್ಲು? ಆಫ್ರಿಕಾನೋ ಏನೋ?"
ಸ್ವಲ್ಪ ಹೊತ್ತಿನ ನಂತರ: "ಕನ್ನಡ ಭಾಳ ಛಲೋ ಮಾತಾಡ್ತಿ, ಎಲ್ಲಿ ಕಲ್ತಿ?"

ಇದರಲ್ಲಿ ಮೊದಲ ಪ್ರಶ್ನೆಯಲ್ಲಿ ಯಾವ ದೋಷವೂ ಇಲ್ಲ. ಊರು ಕೇಳದೆ ಮಾತು ಶುರುಮಾಡುವ ಕನ್ನಡಿಗರನ್ನು ಕಾಣುವುದೇ ಅಪರೂಪ, ಅದು ನಮ್ಮ ಆತ್ಮೀಯತೆಯ ರೀತಿ. ದೋಷ ಇರುವುದು ಎರಡನೆಯ ಪ್ರಶ್ನೆಯಲ್ಲಿ, ಏಕೆಂದರೆ ಅಲ್ಲಿ ಹುಡುಗಿ ಕೊಟ್ಟ ಉತ್ತರವನ್ನು ಒಪ್ಪಿಕೊಂಡಿಲ್ಲ. ಹುಬ್ಬಳ್ಳಿಯಿಂದ ಬಂದ ಸಹಪಾಠಿ ಊರಿನ ಹೆಸರು ಹೇಳಿದ ಕೂಡಲೇ ಮಾತು ಬಸ್ಸಿನ ವೇಳೆಗೋ ಗಿರ್ಮಿಟ್ಟಿಗೋ ಹೊರಳುತ್ತದೆ. ಈ ಹುಡುಗಿಗೆ ಮಾತ್ರ ತನ್ನ ಊರು ತನ್ನದೇ ಎಂದು ಸಾಬೀತುಪಡಿಸುವ ಹೊಣೆ ಬೀಳುತ್ತದೆ. ಕೊನೆಯ ಮೆಚ್ಚುಗೆಯನ್ನೂ ಹಾಗೆಯೇ ಬಿಡಿಸಿ ನೋಡಿ. ಹುಟ್ಟಿ ಬೆಳೆದ ನೆಲದ ಮಾತನ್ನು ಆಡಿದ್ದಕ್ಕೆ ಶಹಬ್ಬಾಸ್ ಸಿಗುವುದು ಹೊರಗಿನವರೆಂದು ಎಣಿಸಿದವರಿಗೆ ಮಾತ್ರ. ಅನೇಕ ಸಿದ್ದಿ ಮನೆಗಳಲ್ಲಿ ಕೊಂಕಣಿಯ ಒಂದು ಬಗೆಯೂ ಕನ್ನಡವೂ ಜೊತೆಜೊತೆಗೆ ನಡೆಯುತ್ತವೆ; ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ; 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು; 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇಷ್ಟೆಲ್ಲ ಆದರೂ ಆ ಹುಡುಗಿ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಬಟ್ಟೆಯಂಗಡಿಯಲ್ಲಿ ಅದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರಿಸುತ್ತಲೇ ಇರಬೇಕಾಗುತ್ತದೆ.

ನೆನಪಿಡಬೇಕಾದ ಸೂತ್ರ ಸರಳವಾಗಿದೆ: ಪ್ರಶ್ನೆ ಕೇಳಬಹುದು, ಆದರೆ ಸಿಕ್ಕ ಮೊದಲ ಉತ್ತರವೇ ಪೂರ್ಣ ಉತ್ತರ. ಅದಕ್ಕಿಂತ ಹೆಚ್ಚಿನದನ್ನು ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಇದರ ಬಿಸಿ ಎಂಥದ್ದೆಂದು ಕನ್ನಡಿಗರಿಗೆ ಬೇರೆ ಊರುಗಳಲ್ಲಿ ಚೆನ್ನಾಗಿ ತಗುಲಿದೆ. ದೆಹಲಿಯಲ್ಲಿ "ಮದ್ರಾಸಿ" ಎನ್ನಿಸಿಕೊಂಡವರು, ಅಮೆರಿಕದಲ್ಲೇ ಹುಟ್ಟಿದ ತಮ್ಮ ಮಗಳನ್ನು "ನಿಜವಾಗಿ ನೀನು ಎಲ್ಲಿಯವಳು?" ಎಂದು ಕೇಳಿದ್ದನ್ನೋ, "ನಿನ್ನ ಇಂಗ್ಲಿಷ್ ಚೆನ್ನಾಗಿದೆ" ಎಂದು ಹೊಗಳಿದ್ದನ್ನೋ ಕಂಡು ಕಸಿವಿಸಿಗೊಂಡವರು ನಮ್ಮಲ್ಲಿ ಎಷ್ಟೋ ಜನ. ರಜೆಗೆ ಬೆಂಗಳೂರಿಗೆ ಬಂದಾಗ ಮಣಿಪುರದ ಮಾಣಿಯನ್ನು ಅವರೇ "ನೀವು ನೇಪಾಳದವರಾ, ಚೀನಾದವರಾ?" ಎಂದು ಕೇಳುವುದನ್ನೂ ಕಾಣುತ್ತೇವೆ. ಜಾತಿಯನ್ನು ಪತ್ತೆಹಚ್ಚಲೆಂದು "ನಿಮ್ಮ ಪೂರ್ತಿ ಹೆಸರು?", "ನೀವು ಯಾವ ಪೈಕಿ?" ಎಂದು ಸುತ್ತಿ ಬಳಸಿ ಕೇಳುವ ಪ್ರಶ್ನೆಗಳೂ ಇದೇ ಯಂತ್ರದಿಂದ ಹುಟ್ಟುತ್ತವೆ, ಆದರೆ ಅದು ಪ್ರತ್ಯೇಕ ಬರಹವನ್ನೇ ಬೇಡುವಷ್ಟು ದೊಡ್ಡ ವಿಷಯ.

ನಾಲ್ಕನೆಯ ಹೆಜ್ಜೆ: ಹೊಗಳಿಕೆಯ ವೇಷದಲ್ಲಿರುವ ಪಡಿಯಚ್ಚನ್ನು ಗುರುತಿಸಿ

ಕೆಟ್ಟದ್ದನ್ನು ಹೇಳಿದರೆ ಮಾತ್ರ ಪೂರ್ವಗ್ರಹ, ಒಳ್ಳೆಯದನ್ನು ಹೇಳಿದರೆ ಅಲ್ಲ ಎಂಬ ತಿಳಿವಳಿಕೆ ತಪ್ಪು. "ಈಶಾನ್ಯದ ಹುಡುಗಿಯರು ಬಹಳ ಫ್ಯಾಷನೆಬಲ್", "ಗೇ ಗೆಳೆಯನಿದ್ದರೆ ಬಟ್ಟೆ ಆರಿಸುವುದು ಸುಲಭ", "ಕಪ್ಪು ಜನರಿಗೆ ಹುಟ್ಟಿನಿಂದಲೇ ಓಟ ಬರುತ್ತದೆ" ಎಂಬ ಮಾತುಗಳು ವ್ಯಕ್ತಿಯನ್ನು ಕಾಣುವ ಮೊದಲೇ ಅವರಿಗೆ ಒಂದು ಪಾತ್ರವನ್ನು ಹಂಚಿಬಿಟ್ಟಿರುತ್ತವೆ.

ಈ ಕೊನೆಯ ನಂಬಿಕೆ ಕರ್ನಾಟಕದಲ್ಲಿ ಒಂದು ಸರ್ಕಾರಿ ಯೋಜನೆಯೊಳಗೂ ನುಸುಳಿತ್ತು. ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದ ಕೊನೆಯಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡಲು ಆರಂಭಿಸಿತು. ಆಫ್ರಿಕಾ ಮೂಲದವರಾದ್ದರಿಂದ ಓಟ, ಜಿಗಿತಗಳಲ್ಲಿ ಸಹಜ ಶಕ್ತಿ ಇರುತ್ತದೆ ಎಂಬುದು ಅದರ ಹಿಂದಿನ ಎಣಿಕೆ. ಮಕ್ಕಳು ನಿಜಕ್ಕೂ ಪದಕ ಗೆದ್ದರು, ಕೆಲವರಿಗೆ ಕೆಲಸವೂ ಸಿಕ್ಕಿತು. ಆ ಅವಕಾಶವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಆದರೆ 1990ರ ದಶಕದ ಮೊದಲ ವರ್ಷಗಳಲ್ಲಿ ಯೋಜನೆ ನಿಂತಾಗ ಎಷ್ಟೋ ಮಕ್ಕಳು ಓದೂ ಪೂರ್ತಿಯಾಗದೆ, ಓಟವೂ ಮುಂದುವರಿಯದೆ ಊರಿಗೆ ಮರಳಬೇಕಾಯಿತು. ಗೆದ್ದ ಪದಕದ ಕೀರ್ತಿಯಲ್ಲಿ ಒಂದು ಪಾಲು ರಕ್ತಕ್ಕೆ ಹೋಯಿತು. ಬೆಳಗಿನ ಜಾವ ಎದ್ದು ಮಾಡಿದ ಅಭ್ಯಾಸ, ಸಹಿಸಿಕೊಂಡ ನೋವು, ತರಬೇತುದಾರರ ಶ್ರಮಗಳ ಲೆಕ್ಕ ಅಷ್ಟಾಗಿ ಯಾರೂ ಇಡಲಿಲ್ಲ. ಹೊಗಳಿಕೆಯ ಪಡಿಯಚ್ಚು ಸಾಧನೆಯನ್ನು ಕಸಿಯುವುದು ಹೀಗೆ. ಓಟಗಾರ್ತಿಯಾಗಲು ಮನಸ್ಸಿಲ್ಲದ, ಲೆಕ್ಕಶಾಸ್ತ್ರ ಓದಬೇಕೆಂದಿರುವ ಸಿದ್ದಿ ಹುಡುಗಿಗೆ "ನೀವೆಲ್ಲ ಚೆನ್ನಾಗಿ ಓಡ್ತೀರಲ್ಲ, ಕ್ರೀಡಾಕೋಟಾದಲ್ಲಿ ಪ್ರಯತ್ನಿಸು" ಎಂದು ಮೇಷ್ಟರು ಹೇಳಿದರೆ, ಆ ಮಾತು ಒಂದು ಬಾಗಿಲನ್ನು ತೋರಿಸುತ್ತಲೇ ಮಿಕ್ಕ ಬಾಗಿಲುಗಳನ್ನು ಮುಚ್ಚುತ್ತದೆ.

ಐದನೆಯ ಹೆಜ್ಜೆ: ಒಬ್ಬರ ಲೆಕ್ಕವನ್ನು ಎಲ್ಲರ ತಲೆಗೆ ಕಟ್ಟುವುದನ್ನು ಗಮನಿಸಿ

"ಇವರೆಲ್ಲ ಹೀಗೇ" ಎಂಬ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2016ರ ಜನವರಿ ಕೊನೆಯಲ್ಲಿ ನಗರದ ಹೊರವಲಯದಲ್ಲಿ ಸುಡಾನ್ ದೇಶದವನೊಬ್ಬ ಓಡಿಸುತ್ತಿದ್ದ ಕಾರು ಹರಿದು ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇರದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಸುಡಾನ್ ಮತ್ತು ಟಾಂಜಾನಿಯಾ ಬೇರೆ ಬೇರೆ ದೇಶಗಳು, ಬೇರೆ ಬೇರೆ ಭಾಷೆಗಳು. ಗುಂಪಿನ ಕಣ್ಣಿಗೆ ಕಂಡದ್ದು ಒಂದೇ ಬಣ್ಣ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹಲ್ಲೆಗೊಳಗಾಗಿ ಸಾವಿಗೀಡಾದ. ಆ ಜಗಳ ಶುರುವಾದದ್ದು ಅವನ ಕೂದಲನ್ನೂ ರೂಪವನ್ನೂ ಕುರಿತ ಲೇವಡಿಯಿಂದ. ಅನಂತರ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ, ಇಂತಹ ಜನಾಂಗೀಯ ನಿಂದನೆಗೆ ಕಾನೂನಿನಲ್ಲಿ ಪ್ರತ್ಯೇಕ ಕಲಂಗಳಿರಬೇಕೆಂದು ಶಿಫಾರಸು ಮಾಡಿತು.

2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ವದಂತಿಯನ್ನು ಅಷ್ಟು ಜನ ಅಷ್ಟು ಬೇಗ ನಂಬಿದ್ದೇಕೆ ಎಂದು ಯೋಚಿಸುವಾಗ, ವರ್ಷಗಟ್ಟಲೆ ಬೀದಿಯಲ್ಲಿ, ಬಸ್ಸಿನಲ್ಲಿ ಕೇಳಿಸಿಕೊಂಡ ಮಾತುಗಳನ್ನು ಲೆಕ್ಕಕ್ಕೆ ಹಿಡಿಯದಿರಲು ನನಗೆ ಸಾಧ್ಯವಾಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಮೈಸೂರಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ನಾಗಾಲ್ಯಾಂಡ್‌ನ ಯುವಕರನ್ನು, ನೀವು ಭಾರತೀಯರಲ್ಲ ಎಂದು ಒಳಗೆ ಬಿಡಲಿಲ್ಲ.

ಆರನೆಯ ಹೆಜ್ಜೆ: ಲೈಂಗಿಕತೆ ಮತ್ತು ಲಿಂಗತ್ವದ ಕುರಿತ ಮಾತುಗಳನ್ನು ಬೇರೆಯಾಗಿಯೇ ಪರಿಶೀಲಿಸಿ

ಮೈಬಣ್ಣ ಕಣ್ಣಿಗೆ ಕಾಣುತ್ತದೆ, ಯಾರು ಯಾರನ್ನು ಪ್ರೀತಿಸುತ್ತಾರೆಂಬುದು ಕಾಣುವುದಿಲ್ಲ. ಹಾಗಾಗಿ ಸಲಿಂಗ ಪ್ರೇಮಿಗಳು ತಮ್ಮೆದುರೇ, ತಮ್ಮನ್ನೇ ಕುರಿತ ತಮಾಷೆಗಳನ್ನು, ತಮ್ಮ ಬಗ್ಗೆ ಗೊತ್ತಿಲ್ಲದವರ ಬಾಯಿಂದ ಕೇಳುತ್ತಾ ಕೂರಬೇಕಾಗುತ್ತದೆ. ಊಟದ ಮೇಜಿನಲ್ಲಿ ಯಾರೋ ಒಬ್ಬರು ಟಿವಿಯ ಪಾತ್ರವೊಂದನ್ನು ನೋಡಿ "ಹೆಣ್ಣಿಗ" ಎಂದು ನಕ್ಕಾಗ, ಆ ಮನೆಯ ಹದಿನಾರರ ಹುಡುಗ ತಲೆ ತಗ್ಗಿಸಿ ಅನ್ನ ಕಲಸುತ್ತಿರಬಹುದು. ಅವನು ಮನೆಯವರಿಗೆ ಏನು ಹೇಳಬಹುದು, ಏನು ಹೇಳಬಾರದು ಎಂಬ ತೀರ್ಮಾನ ಆ ನಗುವಿನಲ್ಲಿ ಆಗಿಹೋಗುತ್ತದೆ. "ನಾವೇನು ಕೈಗೆ ಬಳೆ ತೊಟ್ಟಿದ್ದೇವಾ?" ಎಂಬ ನಮ್ಮ ಸಲೀಸು ಮಾತು ಒಂದೇ ಏಟಿಗೆ ಹೆಂಗಸರನ್ನೂ, ಹೆಣ್ಣುತನವಿರುವ ಗಂಡಸರನ್ನೂ ಹೇಡಿಗಳ ಸಾಲಿಗೆ ಸೇರಿಸುತ್ತದೆ.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ಒಬ್ಬರು ಯಾರ ಕಡೆಗೆ ಆಕರ್ಷಿತರಾಗುತ್ತಾರೆ ಎಂಬುದು ಲೈಂಗಿಕತೆ. ತಮ್ಮನ್ನು ತಾವು ಹೆಣ್ಣೆಂದೋ, ಗಂಡೆಂದೋ, ಎರಡೂ ಅಲ್ಲವೆಂದೋ ಅರಿತುಕೊಳ್ಳುವುದು ಲಿಂಗತ್ವ. ಗೇ ಯುವಕನಿಗೆ "ಹಾಗಾದರೆ ನೀನು ಮುಂದೆ ಸೀರೆ ಉಡುತ್ತೀಯಾ?" ಎಂದು ಕೇಳುವುದು ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರ ಫಲ. ಇಬ್ಬರು ಹೆಂಗಸರ ಜೋಡಿಗೆ "ನಿಮ್ಮಲ್ಲಿ ಗಂಡ ಯಾರು?" ಎಂದು ಕೇಳುವುದರ ಹಿಂದೆ, ಯಾವ ಸಂಬಂಧದಲ್ಲೂ ಒಬ್ಬರು ಆಳಬೇಕು, ಇನ್ನೊಬ್ಬರು ಅಡುಗೆ ಮಾಡಬೇಕು ಎಂಬ ನಂಬಿಕೆ ಕೂತಿದೆ.

"ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ", "ಒಳ್ಳೆಯ ಡಾಕ್ಟರಿಗೆ ತೋರಿಸಿ" ಎಂಬ ಸಲಹೆಗಳು ಕಾಳಜಿಯಿಂದಲೇ ಬರುತ್ತವೆ, ಆದರೆ ಇದು ಕಾಯಿಲೆ ಎಂಬ ಊಹೆಯ ಮೇಲೆ ನಿಂತಿವೆ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗಕಾಮವನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದೇ ನಿರ್ಧಾರಕ್ಕೆ ಬಂತು, ಭಾರತದ ಮನೋವೈದ್ಯರ ಸಂಘ 2018ರಲ್ಲಿ ಅದನ್ನೇ ಸ್ಪಷ್ಟಪಡಿಸಿತು. "ಗುಣಪಡಿಸುತ್ತೇವೆ" ಎಂದು ಚಿಕಿತ್ಸೆ ಕೊಡುವುದು ವೈದ್ಯರಿಗೆ ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಕಾಯಿಲೆಯಲ್ಲದ್ದಕ್ಕೆ ಔಷಧ ಹುಡುಕಿಕೊಂಡು ತಾಯಿತಂದೆಯರು ಮಗನನ್ನೋ ಮಗಳನ್ನೋ ಊರೂರು ಅಲೆಸುವುದು ಇನ್ನೂ ನಿಂತಿಲ್ಲ, ಅದರ ಮೊದಲ ಹೆಜ್ಜೆ ಬಹಳ ಸಲ ನೆಂಟರೊಬ್ಬರು ಆಡಿದ ಇಂಥದ್ದೊಂದು ಸಲಹೆಯ ಮಾತೇ ಆಗಿರುತ್ತದೆ.

"ಇದೆಲ್ಲ ಪಾಶ್ಚಾತ್ಯ ಫ್ಯಾಷನ್" ಎಂಬ ಮಾತನ್ನು ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ನಿಂತು ಹೇಳುವುದು ಕಷ್ಟ. ಗಂಡಾಗಿ ಹುಟ್ಟಿಯೂ ಎಲ್ಲಮ್ಮನ ಸೇವೆಯಲ್ಲಿ ಹೆಣ್ಣಾಗಿ ಬದುಕುವ ಉತ್ತರ ಕರ್ನಾಟಕದ ಜೋಗಪ್ಪ, ಜೋಗತಿಯರ ಪರಂಪರೆ ನಮ್ಮದೇ ನೆಲದ್ದು. ಆ ಪರಂಪರೆಯ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಅದರ ಜೊತೆಗೆ ಮಂಗಳಮುಖಿಯರ ಬಗ್ಗೆ ಇನ್ನೊಂದು ಬಗೆಯ ಪಡಿಯಚ್ಚೂ ಇದೆ: "ಅವರು ದೇವರ ಮಕ್ಕಳು, ಅವರ ಬಾಯಿಂದ ಶಾಪ ಬರಬಾರದು." ಗೃಹಪ್ರವೇಶದ ದಿನ ಆಶೀರ್ವಾದ ಬೇಡಿ ದುಡ್ಡು ಕೊಟ್ಟ ಮನೆಯವರೇ ಅವರಿಗೆ ಮನೆ ಬಾಡಿಗೆಗೆ ಕೊಡಲು ಒಪ್ಪುವುದಿಲ್ಲ. ಭಯಭಕ್ತಿಯೂ ದೂರವಿಡುವ ಒಂದು ಉಪಾಯವೇ. ಕಾನೂನಿಗೂ ಇದೇ ಅನುಮಾನದ ಕಣ್ಣಿತ್ತು: 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಂ, ಹಿಜಡಾ ಸಮುದಾಯದವರ ಹೆಸರುಗಳನ್ನು ಪೊಲೀಸರು ಪಟ್ಟಿ ಮಾಡಿಡಲು ಅವಕಾಶ ಕೊಟ್ಟಿತ್ತು. ಸಮುದಾಯದ ದೀರ್ಘ ಹೋರಾಟದ ನಂತರ ಅದನ್ನು ತಿದ್ದಲಾಯಿತು. ಅದೇ ರಾಜ್ಯ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟು ದೇಶಕ್ಕೆ ಮಾದರಿಯಾಯಿತು ಎಂಬುದನ್ನೂ ಹೇಳಲೇಬೇಕು.

ಟ್ರಾನ್ಸ್ ವ್ಯಕ್ತಿಗಳ ಜೊತೆ ಮಾತನಾಡುವಾಗ ಎರಡು ಪ್ರಶ್ನೆಗಳು ನಾಲಿಗೆಯ ತುದಿಗೆ ಬಂದುಬಿಡುತ್ತವೆ: "ನಿಮ್ಮ ನಿಜವಾದ ಹೆಸರೇನು?" ಮತ್ತು "ಆಪರೇಷನ್ ಆಗಿದೆಯಾ?" ಅವರು ಹೇಳಿದ ಹೆಸರೇ ನಿಜವಾದ ಹೆಸರು. ಇನ್ನು ಎರಡನೆಯದನ್ನು ಬೇರೆ ಯಾವ ಅಪರಿಚಿತರನ್ನಾದರೂ, ಬಟ್ಟೆಯ ಒಳಗೆ ದೇಹ ಹೇಗಿದೆ ಎಂದು ಕೇಳುತ್ತೀರಾ ಎಂದು ಯೋಚಿಸಿದರೆ ಸಾಕು. ಕನ್ನಡದಲ್ಲಿ ಇನ್ನೊಂದು ಅಪಾಯವಿದೆ. ಅವರು ಆಚೆ ಹೋದ ಮೇಲೆ "ಅದು ಬಂದಿತ್ತು", "ಅದು ಏನಂತೆ?" ಎನ್ನುವುದು ಎಷ್ಟೋ ಕಡೆ ಸಹಜವೆಂಬಂತೆ ನಡೆದುಹೋಗುತ್ತದೆ, ಮನುಷ್ಯರನ್ನು ವಸ್ತುಗಳ ಸಾಲಿಗೆ ಇಳಿಸುವ ಮಾತು ಇದಕ್ಕಿಂತ ಬೇರೆ ಬೇಕಿಲ್ಲ. ಗೊತ್ತಿಲ್ಲದಿದ್ದರೆ "ಅವರು" ಎನ್ನಿ. ಹೆಣ್ಣು ಗಂಡೆಂಬ ಭೇದವಿಲ್ಲದ ಗೌರವದ ಪದ ನಮ್ಮ ನುಡಿಯಲ್ಲಿ ಮೊದಲಿನಿಂದಲೂ ಸಿದ್ಧವಾಗಿದೆ.

ಏಳನೆಯ ಹೆಜ್ಜೆ: ಮಾತೇ ಇಲ್ಲದ ಕಡೆಯೂ ನೋಡಿ

2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಟ್ರಾನ್ಸ್ ಮಹಿಳೆಯರಿಗೂ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ತುಂಬಿದ ಬಸ್ಸನ್ನು ಕಲ್ಪಿಸಿಕೊಳ್ಳಿ. ಕಿಟಕಿಯ ಪಕ್ಕ ಟ್ರಾನ್ಸ್ ಮಹಿಳೆಯೊಬ್ಬರು ಕೂತಿದ್ದಾರೆ. ಕಂಬಿ ಹಿಡಿದು ಹದಿನೈದು ಜನ ನಿಂತಿದ್ದರೂ ಅವರ ಪಕ್ಕದ ಸೀಟು ಖಾಲಿಯೇ ಇದೆ. ಕಂಡಕ್ಟರ್ ಆಧಾರ್ ಕಾರ್ಡನ್ನು ನೋಡಿ, ಮುಖವನ್ನು ನೋಡಿ, ಮತ್ತೆ ಕಾರ್ಡನ್ನು ನೋಡುತ್ತಾರೆ; ಹಿಂದಿನ ಸೀಟಿನ ಹೆಂಗಸರ ಕಾರ್ಡನ್ನು ಒಮ್ಮೆ ಮಾತ್ರ ನೋಡಿದ್ದರು. ತಾಯಿಯೊಬ್ಬರು ಮಗುವನ್ನು ಇನ್ನೊಂದು ಬದಿಗೆ ಎಳೆದುಕೊಳ್ಳುತ್ತಾರೆ. ಒಂದು ಕೆಟ್ಟ ಮಾತನ್ನೂ ಯಾರೂ ಆಡಿಲ್ಲ. ಆದರೂ ಇಳಿಯುವ ಹೊತ್ತಿಗೆ ಆ ಪ್ರಯಾಣಿಕರಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿದೆ.

ಕೇಳದೆ ಆಫ್ರಿಕಾದ ವಿದ್ಯಾರ್ಥಿಯ ಕೂದಲು ಮುಟ್ಟುವುದು, ಅನುಮತಿಯಿಲ್ಲದೆ ಸೆಲ್ಫಿ ತೆಗೆಯುವುದು, "ಫ್ಯಾಮಿಲಿಗೆ ಮಾತ್ರ" ಎಂದು ಬೋರ್ಡು ಹಾಕಿ ಮನೆ ನಿರಾಕರಿಸುವುದು, ಗಂಡು ಮತ್ತು ಹೆಣ್ಣು ಎಂಬ ಎರಡೇ ಚೌಕಗಳಿರುವ ಅರ್ಜಿ ಹಂಚುವುದು, ಇವೂ ಇದೇ ಪಟ್ಟಿಗೆ ಸೇರುತ್ತವೆ.

ಎಂಟನೆಯ ಹೆಜ್ಜೆ: ತೀರ್ಮಾನಕ್ಕೆ ಮುನ್ನ ತೂಗಿ ನೋಡಿ

ಎಲ್ಲ ಅಸಡ್ಡೆಯ ಮಾತೂ ಸೂಕ್ಷ್ಮ ಅವಹೇಳನವಲ್ಲ. ಈ ಪರಿಕಲ್ಪನೆಯ ಗಡಿಗಳು ಸ್ಪಷ್ಟವಾಗಿಲ್ಲ, ಅದರ ಸಂಶೋಧನೆಗೆ ಇನ್ನೂ ಗಟ್ಟಿ ಆಧಾರ ಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಾಟ್ ಲಿಲಿಯನ್‌ಫೆಲ್ಡ್ 2017ರಲ್ಲಿ ವಿವರವಾಗಿ ವಾದಿಸಿದರು. ಆ ಎಚ್ಚರಿಕೆ ಉಪಯುಕ್ತವಾದದ್ದು. ಸಂದೇಹ ಬಂದಾಗ ಮೂರು ಸಂಗತಿಗಳನ್ನು ನೋಡಿ: ಇದೇ ಮಾತನ್ನು ಇದೇ ಜಾಗದಲ್ಲಿ ಬೇರೆಯವರಿಗೂ ಆಡುತ್ತಿದ್ದರೇ? ಈ ವ್ಯಕ್ತಿ ಇದನ್ನು ಬೇರೆ ಕಡೆಗಳಲ್ಲೂ ಪದೇ ಪದೇ ಕೇಳಬೇಕಾಗಿದೆಯೇ? ಉತ್ತರ ಕೊಡದೆ ಎದ್ದು ಹೋಗುವ ಸ್ವಾತಂತ್ರ್ಯ ಅವರಿಗಿತ್ತೇ? ಎಲ್ಲರಿಗೂ ಸಿಡಿಮಿಡಿಗೊಳ್ಳುವ ಅಂಗಡಿಯವರು ಒಬ್ಬರಿಗೆ ಸಿಡುಕಿದರೆ ಅದು ಸ್ವಭಾವದೋಷ. ಒಂದೇ ಬಗೆಯ ಮುಖದವರಿಗೆ ಮಾತ್ರ ಸಿಡುಕಿದರೆ ಪೂರ್ವಗ್ರಹ. ಆಮೇಲೂ ಸಂದೇಹ ಉಳಿದರೆ, ಅದೇ ಅನುಭವವನ್ನು ನೂರು ಸಲ ಕಂಡವರ ಅಂದಾಜು, ಒಮ್ಮೆಯೂ ಕಾಣದವರ ಅಂದಾಜಿಗಿಂತ ಹೆಚ್ಚು ನಂಬಿಕೆಗೆ ಅರ್ಹ ಎಂದೇ ನಾನು ಎಣಿಸುತ್ತೇನೆ.

ಒಂಬತ್ತನೆಯ ಹೆಜ್ಜೆ: ಗುರುತಿಸಿದ ಮೇಲೆ

ಆಡಿದವರು ನೀವೇ ಆಗಿದ್ದರೆ, "ತಪ್ಪಾಯಿತು, ಹಾಗೆ ಕೇಳಬಾರದಿತ್ತು" ಎಂದು ಒಂದು ಮಾತಿನಲ್ಲಿ ಮುಗಿಸಿ. "ನನಗೂ ಈಶಾನ್ಯದ ಗೆಳೆಯರಿದ್ದಾರೆ" ಎಂದು ವಿವರಣೆ ಕೊಡುತ್ತಾ ಹೋದರೆ, ನೊಂದವರೇ ನಿಮ್ಮನ್ನು ಸಮಾಧಾನಪಡಿಸುವ ಪರಿಸ್ಥಿತಿ ಬರುತ್ತದೆ.

ಪಕ್ಕದಲ್ಲಿ ನಿಂತವರಾಗಿದ್ದರೆ ನಿಮ್ಮ ಕೈಯಲ್ಲಿ ಹೆಚ್ಚು ಶಕ್ತಿ ಇದೆ. ಜಗಳಕ್ಕೆ ಹೋಗಬೇಕಿಲ್ಲ. "ಯಲ್ಲಾಪುರ ಅಂದಳಲ್ಲ, ಮತ್ತೇನು?" ಎಂದರೆ ಸಾಕು. ತಮಾಷೆಗೆ ನಗದೆ "ಅರ್ಥವಾಗಲಿಲ್ಲ, ಅದರಲ್ಲಿ ನಗುವಂಥದ್ದೇನು?" ಎಂದು ಶಾಂತವಾಗಿ ಕೇಳಿದರೆ, ಹೇಳಿದವರು ತಮ್ಮ ಊಹೆಯನ್ನು ತಾವೇ ಬಾಯಿಬಿಟ್ಟು ಹೇಳಬೇಕಾಗುತ್ತದೆ, ಬಹುತೇಕರು ಅಲ್ಲಿಗೇ ಸುಮ್ಮನಾಗುತ್ತಾರೆ. ಬಸ್ಸಿನಲ್ಲಿ ಖಾಲಿ ಸೀಟಿದ್ದರೆ ಹೋಗಿ ಕೂತುಕೊಳ್ಳಿ. ಒಂದು ಎಚ್ಚರಿಕೆ: ಯಾರದಾದರೂ ಲೈಂಗಿಕತೆ ನಿಮಗೊಬ್ಬರಿಗೆ ಮಾತ್ರ ಗೊತ್ತಿದ್ದರೆ, ಅವರ ಪರ ವಾದಿಸುವ ಭರದಲ್ಲಿ ಅದನ್ನು ಬಯಲು ಮಾಡಬೇಡಿ.

ಕೇಳಿಸಿಕೊಂಡವರು ನೀವಾಗಿದ್ದರೆ, ಪ್ರತಿಸಲವೂ ಎದುರಾಡಲೇಬೇಕೆಂಬ ಕಡ್ಡಾಯವಿಲ್ಲ. ಯಾವಾಗ ಉತ್ತರಿಸಬೇಕು, ಯಾವಾಗ ಸುಮ್ಮನೆ ದಾಟಿಹೋಗಬೇಕು ಎಂಬುದನ್ನು ನಿಮ್ಮ ಸುರಕ್ಷತೆ ಮತ್ತು ಅಂದಿನ ಶಕ್ತಿಯನ್ನು ನೋಡಿಕೊಂಡು ನೀವೇ ತೀರ್ಮಾನಿಸಿ. ಕೆಲಸದ ಜಾಗದಲ್ಲಿ ಅದು ಮರುಕಳಿಸುತ್ತಿದ್ದರೆ ದಿನಾಂಕ, ಆಡಿದ ಮಾತು, ಅಲ್ಲಿದ್ದವರ ಹೆಸರುಗಳನ್ನು ಬರೆದಿಡಿ. ಬಿಡಿಬಿಡಿಯಾಗಿ ಕ್ಷುಲ್ಲಕವೆಂದು ತಳ್ಳಿಹಾಕಬಹುದಾದದ್ದು ಒಟ್ಟಾಗಿ ಕಂಡಾಗ ನಿರಾಕರಿಸುವುದು ಕಷ್ಟ.

ಅವಹೇಳನ ಸೂಕ್ಷ್ಮತೆಯ ಗಡಿ ದಾಟಿದರೆ ಕಾನೂನಿನ ದಾರಿಯೂ ಇದೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಯರನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವಾಗುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯು ಮಾತಿನ ಮತ್ತು ಭಾವನಾತ್ಮಕ ದೌರ್ಜನ್ಯವನ್ನೂ ಅಪರಾಧಗಳಲ್ಲಿ ಸೇರಿಸಿದೆ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, "ಪೊಲೀಸರಿಗೆ ಹೇಳುತ್ತೇನೆ" ಎಂಬ ಬೆದರಿಕೆಗೆ ಹೆದರಿ ದುಡ್ಡು ಕೊಡಬೇಕಾಗಿಲ್ಲ. ಹಾಗೆ ಬೆದರಿಸಿ ಹಣ ಕೇಳುವುದೇ ಸುಲಿಗೆ. ಅದರ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ನಂಬಿಕೆಯ ವಕೀಲರನ್ನೋ, ಸಮುದಾಯದ ಸಂಘಟನೆಯನ್ನೋ ಜೊತೆಗೆ ಕರೆದುಕೊಂಡು ದೂರು ಕೊಡಿ.